ಮಣಿಕಟ್ಟಿನ ಅಚ್ಚು

ಮೊದಲ ಅಚ್ಚು ಲಗ್ನಪತ್ರಿಕೆಯದು.
ಯಾರೋ ಚಿರಂಜೀವಿ, ಯಾರೋ ಸೌಭಾಗ್ಯವತಿ,
ಅವರ ಮುಹೂರ್ತದ ಮೇಲೆ ಟಿಫಿನ್ ಡಬ್ಬಿಯ ಮುಚ್ಚಳ ಕವುಚಿ
ಒಂದು ಬಾಗು ಗೀಚಿದೆ, ಸರಿಸಿ ಇನ್ನೊಂದು.
ನಡುವೆ ಒಂದು ಎಸಳು ಉಳಿಯಿತು.

ಮೂವತ್ತು ಸಲ ಗೀಚುವಷ್ಟರಲ್ಲಿ ಅಂಚು ಸವೆದು ನಾರಾಯಿತು.
ಮೂವತ್ತೊಂದನೆಯದು ಮೊದಲನೆಯದಕ್ಕಿಂತ
ಒಂದು ನೂಲು ಸಣ್ಣ.
ಒಂದು ನೂಲು ತಾನೇ ಅನ್ನುವವರು
ಹೊಲಿಗೆ ಗೊತ್ತಿಲ್ಲದವರು.
ಹನ್ನೊಂದು ವರ್ಷ ಪೀಣ್ಯದ ಗಾರ್ಮೆಂಟ್ಸಿನಲ್ಲಿ
ಚೆಕಿಂಗ್ ಮಾಡಿದವಳು ನಾನು:
ಸೊಟ್ಟ ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ
ಆಲ್ಟರಿಗೆ ಎಸೆಯುವುದು, ಅಷ್ಟೇ ಕೆಲಸ.

ಆಮೇಲೆ ಬೀರುವಿನ ಮೇಲಿದ್ದ ಎಕ್ಸ್‌ರೇ ನೆನಪಾಯಿತು.

ರಾಜಾಜಿನಗರದ ಇಎಸ್‌ಐ ಆಸ್ಪತ್ರೆ, ಒಂದು ಸೋಮವಾರ.
ಕಂಪನಿ ವ್ಯಾನಿನ ಮೆಟ್ಟಿಲಲ್ಲಿ ಜಾರಿ, ಕೈ ಊರಿ,
ಬಲ ಮಣಿಕಟ್ಟು ಮುರಿದುಕೊಂಡು
ನೂರ ನಲವತ್ತೆರಡನೆಯ ಚೀಟಿ ಹಿಡಿದು ಕೂತಿದ್ದೆ.
ನೋಡಲು ಕಿಟಕಿಯ ಜಾಲರಿ ಬಿಟ್ಟರೆ ಏನಿತ್ತು?
ಬಳೆಯ ಮೇಲೆ ಬಳೆ ಅರ್ಧ ಏರಿ ಕೂತ ಹಾಗೆ
ಕಬ್ಬಿಣದ ಸುತ್ತುಗಳು; ಎರಡು ಕೂಡಿದಲ್ಲೆಲ್ಲ ಒಂದು ಎಸಳು,
ನಾಲ್ಕು ಎಸಳ ನಡುವೆ
ಹೊಟ್ಟೆ ಒಳಗೆಳೆದುಕೊಂಡ ಒಂದು ಚೌಕ.
ನೋವು ಏರಿದಾಗ ಎಸಳು ಎಣಿಸಿದೆ,
ಇಳಿದಾಗ ಚೌಕ.
ತೊಂಬತ್ತಾರಕ್ಕೆ ನನ್ನ ಹೆಸರು ಕೂಗಿದರು, ತಪ್ಪಾಗಿ.

ಮೂಳೆ ಕೂಡಿತು, ಸ್ವಲ್ಪ ವಾರೆಯಾಗಿ.
ಗಂಟೆಗೆ ಅರವತ್ತು ಕಾಲರು ತಿರುವಲಾಗದ ಕೈಗೆ
ಲೆಕ್ಕ ಚುಕ್ತಾ ಮಾಡಿ ಕಳಿಸಿದರು.

ಈಗ ಅದೇ ಎಕ್ಸ್‌ರೇ ಕತ್ತರಿಸಿದೆ.
ಎಷ್ಟು ಗೀಚಿದರೂ ಸವೆಯದ ಅಂಚು.
ಮೂಳೆ ಇರುವಲ್ಲಿ ಮಾತ್ರ
ಕೆಳಗಿನ ಬಟ್ಟೆಯ ಹೂವು ಕಾಣುತ್ತದೆ.
ಎಸಳಿನ ಅಚ್ಚಿನಲ್ಲಿ ಮುಂಗೈಯ ಎರಡೂ ಎಲುಬು,
ಚೌಕದ ಅಚ್ಚಿನಲ್ಲಿ ನನ್ನ ಅರ್ಧ ಹೆಸರು, ತಾರೀಖು.
ಸೋಪಿನ ಚೂರಿನಿಂದ ಸುತ್ತ ಗೀರಿ,
ಹೊಲಿಗೆಗೆ ಎರಡು ನೂಲು ಬಿಟ್ಟು ಕತ್ತರಿಸಿದೆ:
ಕಂಪನಿಯ ನೀಲಿ ಓವರ್‌ಕೋಟು,
ಲಗ್ಗೆರೆಯಲ್ಲಿ ಕೇಜಿ ಲೆಕ್ಕಕ್ಕೆ ತಂದ ಕಟ್‌ಪೀಸು,
ಅತ್ತೆಯ ವಾಯಿಲ್ ಸೀರೆಯಲ್ಲಿ ಇನ್ನೂ ಗಟ್ಟಿಯಿದ್ದ ಭಾಗ.

ಕೆಳಮನೆಯ ನೀಲವ್ವ ಗಜೇಂದ್ರಗಡದ ಕಡೆಯವಳು.
ಕೌದಿ ಹೊಲಿದು ಹೊಲಿದು ಅವಳ ತೋರುಬೆರಳು ಜರಡಿ.
ನನ್ನ ಎಸಳು ನೋಡಿ ನಕ್ಕಳು:
“ಸೀದಾ ಹೊಲ್ಯಾಕ ಬರಂಗಿಲ್ಲೇನ ತಂಗಿ ನಿನಗ?
ಹೊಚ್ಚಿಗೊಂಡಾಂವ ನಿದ್ದಿ ಮಾಡತಾನೋ, ಬಳಿ ಎಣಸತಾನೋ?”
ನಕ್ಕ ಮೇಲೆ ಕೂತು ಕಲಿಸಿದಳು.

ಹೊರಗೆ ಬಾಗಿದ್ದೊಂದು, ಒಳಗೆ ಬಾಗಿದ್ದೊಂದು.
ಎದುರುಬದುರು ಇಟ್ಟರೆ ನಲ್ಲಿಯ ಹತ್ತಿರ ಜಗಳಕ್ಕೆ ನಿಂತ ಹಾಗೆ,
ಒಂದರ ತುದಿ ಇನ್ನೊಂದಕ್ಕೆ ಸಿಗದು.
“ತುದಿ ಬಿಡು, ನಡಾ ಹಿಡಿ.”
ನಡುವಿಗೊಂದು ಗುಂಡುಸೂಜಿ, ಕೊನೆಗೆರಡು.
ಆಮೇಲೆ ಒಳಬಾಗಿದ ಅಂಚಿಗೆ ಕತ್ತರಿಯ ಮೂತಿಯಿಂದ
ಸಣ್ಣ ಸಣ್ಣ ಗಾಯ;
ಆ ಗಾಯಗಳಷ್ಟೂ ಬಾಯಿ ಬಿಟ್ಟು
ಇನ್ನೊಂದರ ಉಬ್ಬಿಗೆ ಜಾಗ ಕೊಡುತ್ತವೆ.

ಮೂರು ತಿಂಗಳು, ಮಷೀನಿಲ್ಲದೆ.
ನಾಲ್ಕು ಹೊಲಿಗೆ ಸೂಜಿಗೇರಿಸಿ ಎಳೆದರೆ
ಮಣಿಕಟ್ಟು ತಾನಾಗಿ ಎಡಕ್ಕೆ ವಾಲುತ್ತದೆ,
ಗೆರೆಯೂ ಅತ್ತಲೇ ಹೋಗಬೇಕಿತ್ತು.
ರಿಂಗ್ ರೋಡಿನಲ್ಲಿ ಲಾರಿ ಹೋದಾಗ ಶೀಟಿನ ಮನೆ ಅದುರಿ
ಅಲ್ಲಲ್ಲಿ ಒಂದು ಹೊಲಿಗೆ ಉದ್ದ.

ನಿನ್ನೆ ಮುಗಿಯಿತು.
ಬರಿಹೊಟ್ಟೆಯಲ್ಲಿ ಕೌದಿ ಮುಚ್ಚಬಾರದು ಎಂದು ನೀಲವ್ವ
ಕಡೆಯ ಮೂಲೆಯೊಳಗೆ ನಾಲ್ಕು ಅಕ್ಕಿಕಾಳು ಹಾಕಿದಳು.
ಟ್ಯೂಬ್‌ಲೈಟಿಗೆ ಹರವಿದಾಗ ಹಳೇ ಕಣ್ಣು ಬಿಡಲಿಲ್ಲ:
ಏಳನೆಯ ಸಾಲು, ಒಂದು ಎಸಳು,
ಲಗ್ನಪತ್ರಿಕೆಯ ಕೊನೆಗಾಲದ್ದು, ಒಂದು ನೂಲು ಸಣ್ಣ.
ಉಳಿದಿದ್ದ ಸ್ಟಿಕ್ಕರ್ ಹಾಳೆ ಹುಡುಕಿ ತೆಗೆದು
ಒಂದು ಕೆಂಪು ಬಾಣ ಅಂಟಿಸಿದೆ.

ಬಿಚ್ಚಿ ಹೊಲಿಯೋಣವೆಂದು ಸೂಜಿ ಪೋಣಿಸುವಷ್ಟರಲ್ಲಿ
ನೀಲವ್ವನ ಮೊಮ್ಮಗಳು ಕೌದಿಯ ಮೇಲೆಲ್ಲ ಉರುಳಾಡಿ
ಬಾಣ ಕಿತ್ತು
ಹಣೆಗೆ ಬೊಟ್ಟು ಇಟ್ಟುಕೊಂಡು ಓಡಿದಳು.

ಹುಡುಕುತ್ತಿದ್ದೇನೆ.
ಏಳನೆಯ ಸಾಲೋ, ಎಂಟೋ.